ಜೊಂಡಿನೊಳಗಿನ ಹಾಜರಿ

ನದಿ ನೆಟ್ಟಗಿದೆಯೋ ಕೆಟ್ಟಿದೆಯೋ ಎಂದು ಯಾರಾದರೂ ಕೇಳಿದರೆ ನಾವು ಎರಡು ಪರೀಕ್ಷೆಗಳಿಂದ ಉತ್ತರ ಹೇಳುವುದು ವಾಡಿಕೆ. ಒಂದು ಮೂಗಿನದು, ಇನ್ನೊಂದು ಕಣ್ಣಿನದು. ನಾತ ಬಂದರೆ ನದಿ ಕೆಟ್ಟಿತು. ದಡ ಚೊಕ್ಕಟವಾಗಿ ಕಂಡರೆ ನದಿ ಸುಧಾರಿಸಿತು. ವಾಕಡದ ಮಗ್ಗುಲಲ್ಲಿ ಹರಿಯುವ ಮುಳಾ ನದಿಯನ್ನು ಕುರಿತು ಬಸ್ಸಿನಲ್ಲಿ, ಚಹದ ಅಂಗಡಿಯಲ್ಲಿ ನಡೆಯುವ ಮಾತೆಲ್ಲ ಬಹುಮಟ್ಟಿಗೆ ಈ ಎರಡರ ಮೇಲೆಯೇ ನಿಂತಿದೆ. ಆದರೆ ಮೂರನೆಯದೊಂದು ಪರೀಕ್ಷೆಯುಂಟು. ಅದು ಕಿವಿಯದು. ದಡದ ಜೊಂಡಿನೊಳಗೆ ಅಡಗಿ ಬಾಳುವ ಹಕ್ಕಿಗಳ ಕೂಗನ್ನು ಕೇಳಿ, ಎಣಿಸಿ, ಬರೆದಿಟ್ಟು, ಆ ಲೆಕ್ಕದಿಂದ ಜೌಗುನೆಲದ ಆರೋಗ್ಯವನ್ನು ಅಳೆಯುವ ಕ್ರಮವದು. ಇದಕ್ಕೆ ಪದವಿ ಬೇಡ, ದುಬಾರಿಯ ಯಂತ್ರವೂ ಬೇಡ. ಒಂದು ಗಡಿಯಾರ, ಒಂದು ನೋಟುಬುಕ್ಕು, ಹೊತ್ತಿಗೆ ಸರಿಯಾಗಿ ಹೋಗುವ ಶಿಸ್ತು ಇಷ್ಟಿದ್ದರೆ ಸಾಕು. ಈ ಕ್ರಮವೇನು, ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

ಪರವೂರಿನ ನದಿ ನಮಗೇಕೆ?

ಹೊಟ್ಟೆಪಾಡಿಗಾಗಿ ಬಂದಿರುವ ನಮಗೆ ಇಲ್ಲಿಯ ನದಿಯ ಗೊಡವೆ ಏಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಮುಳೆಯ ದಾರಿಯನ್ನು ಒಮ್ಮೆ ಹಿಂಬಾಲಿಸಿ ನೋಡೋಣ. ಅದು ಮುಳಶಿಯ ಕಡೆಯಿಂದ ಇಳಿದು ವಾಕಡವನ್ನು ಬಳಸಿ ಬಂದು, ದಾಪೋಡಿಯ ಬಳಿ ಪವನೆಯನ್ನು ಕೂಡಿಕೊಳ್ಳುತ್ತದೆ. ಪುಣೆಯ ಸಂಗಮದಲ್ಲಿ ಮುಠೆಯನ್ನು ಸೇರಿ, ಮುಳಾ-ಮುಠಾ ಎಂಬ ಜೋಡುಹೆಸರಿನಿಂದ ಪೂರ್ವಕ್ಕೆ ಹರಿದು ಭೀಮೆಗೆ ಬೀಳುತ್ತದೆ. ಭೀಮೆಯು ಉಜನಿಯ ಜಲಾಶಯವನ್ನು ತುಂಬಿ, ಪಂಢರಪುರವನ್ನು ದಾಟಿ, ಮುಂದೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತದೆ. ಗಾಣಗಾಪುರದ ಸಂಗಮದಲ್ಲಿ ಸ್ನಾನ ಮಾಡುವ ಯಾತ್ರಿಕನ ಕಾಲಿಗೆ ತಾಗುವ ಹೊಳೆಗೆ ಈ ಮುಳೆಯೂ ಒಂದು ಪಾಲುದಾರಳು. ನಮ್ಮಲ್ಲಿ ಎಷ್ಟೋ ಜನ ಅದೇ ಭೀಮಾತೀರದವರು. ನಾವು ಹೊಳೆಯನ್ನು ಬಿಟ್ಟು ಬಂದೆವೆಂದುಕೊಂಡದ್ದು ಅರ್ಧ ನಿಜ. ಹೊಳೆಯ ಮೇಲುಭಾಗಕ್ಕೆ ಬಂದು ನೆಲೆಸಿದ್ದೇವೆ ಎಂಬುದು ಪೂರ್ತಿ ನಿಜ.

ಅಡಗಿ ಬಾಳುವ ಕುಲ

ನೀರುಹಕ್ಕಿಗಳಲ್ಲಿ ಎರಡು ಬಗೆಯ ಸ್ವಭಾವಗಳನ್ನು ಕಾಣಬಹುದು. ಬಕ, ಕೊಕ್ಕರೆ, ಬಾತು, ನೀರುಕಾಗೆ ಇವು ಬಯಲಿನಲ್ಲಿ ನಿಲ್ಲುವ ಹಕ್ಕಿಗಳು. ಸೇತುವೆಯ ಮೇಲಿನಿಂದಲೇ ಎಣಿಸಬಹುದು. ಹಣೆಯಲ್ಲಿ ಬಿಳಿಯ ಗುರುತುಳ್ಳ ಕರಿಯ ನಾಮದಕೋಳಿಯೂ ಇದೇ ಪಂಗಡದ್ದು. ನಮ್ಮವರು ಆ ಬಿಳಿ ಗುರುತಿನಲ್ಲಿ ನಾಮವನ್ನು ಕಂಡರು. ಮರಾಠಿಗರು ಅದೇ ಹಕ್ಕಿಯನ್ನು ವಾರಕರಿ ಎಂದು ಕರೆದರು. ಎರಡು ಭಾಷೆಯ ಹಳ್ಳಿಗರೂ ಒಂದೇ ಹಣೆಯನ್ನು ನೋಡಿ ಭಕ್ತನನ್ನೇ ನೆನೆದದ್ದು ಸೊಗಸಾದ ಸಂಗತಿ.

ಇನ್ನೊಂದು ಬಗೆಯವು ಜೊಂಡು, ಆಪುಹುಲ್ಲು, ಕೆಸರಿನ ಪೊದೆಗಳ ಒಳಗೇ ಹುಟ್ಟಿ, ಮೇದು, ಮರಿ ಮಾಡುವ ಹಕ್ಕಿಗಳು. ಇವುಗಳಲ್ಲಿ ನಮಗೆ ಹೆಚ್ಚು ಪರಿಚಿತವಾದದ್ದು ಹುಂಡುಕೋಳಿ. ಬೆನ್ನು ಕರಿಬೂದು, ಮುಖ ಎದೆಗಳು ಅಚ್ಚ ಬಿಳುಪು, ಮೋಟುಬಾಲದ ಕೆಳಗೆ ಇಟ್ಟಿಗೆಯ ಕೆಂಪು. ನಡೆಯುವಾಗ ಬಾಲವನ್ನು ಕುಣಿಸುತ್ತ ನಡೆಯುತ್ತದೆ. ಇಲ್ಲಿಯ ಜನ ಇದನ್ನೂ ಇದರ ಬಳಗವನ್ನೂ ಪಾಣಕೋಂಬಡಿ, ಅಂದರೆ ನೀರುಕೋಳಿ, ಎನ್ನುತ್ತಾರೆ. ಇದರ ದಾಯಾದಿಗಳಾದ ಕ್ರೇಕ್ ಎಂಬ ಪುಟ್ಟ ಕೋಳಿಗಳು ಇನ್ನೂ ನಾಚಿಕೆಯವು. ಗುಬ್ಬಿಗಿಂತ ತುಸು ದೊಡ್ಡ ಮೈಯ ಒಂದು ಜಾತಿ ಚಳಿಗಾಲದಲ್ಲಿ ಉತ್ತರದಿಂದ ದಖ್ಖನಕ್ಕೆ ಬಂದು, ಯಾರ ಕಣ್ಣಿಗೂ ಬೀಳದೆ ಹಿಂದಿರುಗುವುದುಂಟು. ಬಿಟರ್ನ್ ಎಂಬ ಜೊಂಡಿನ ಬಕವಂತೂ ಅಡಗುವ ವಿದ್ಯೆಯಲ್ಲಿ ಗುರುವೇ ಸರಿ. ಅಪಾಯ ಕಂಡರೆ ಓಡದೆ, ಕೊಕ್ಕನ್ನು ಆಕಾಶಕ್ಕೆ ಎತ್ತಿ, ಕತ್ತನ್ನು ನೀಳವಾಗಿ ಚಾಚಿ ನಿಂತುಬಿಡುತ್ತದೆ. ಗಾಳಿಗೆ ಜೊಂಡು ತೂಗಿದರೆ ತಾನೂ ಅದರೊಡನೆ ತೂಗುತ್ತದೆ. ಮೂರು ಮಾರಿನ ದೂರದಲ್ಲಿ ನಿಂತವನಿಗೂ ಅದು ಇನ್ನೊಂದು ಜೊಂಡಿನ ಕಡ್ಡಿಯಂತೆ ಕಾಣುತ್ತದೆ.

ದೇಹರಚನೆಯೂ ಈ ಬಾಳಿಗೆ ಒಪ್ಪುವಂತಿದೆ. ನೀರುಕೋಳಿಯ ಬಳಗದ ಮೈ ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆ. ಒತ್ತಾದ ಕಡ್ಡಿಗಳ ಸಂದಿನಲ್ಲಿ ನುಸುಳಲು ಅದೇ ಅನುಕೂಲ. ಕಾಲ್ಬೆರಳುಗಳು ನೀಳ, ಕೆಸರಿನಲ್ಲಿ, ತೇಲುವ ಎಲೆಯ ಮೇಲೆ ಭಾರ ಹಂಚಿಹೋಗಿ ಮುಳುಗುವುದಿಲ್ಲ. ಹಾರುವುದಕ್ಕಿಂತ ಓಡುವುದೇ ಇವಕ್ಕೆ ಇಷ್ಟ. ಆದುದರಿಂದ ಕಣ್ಣನ್ನು ನಂಬಿ ಇವನ್ನು ಎಣಿಸಹೊರಟವನು ಬರಿಗೈಯಲ್ಲಿ ಮರಳುತ್ತಾನೆ.

ಆದರೆ ಅಡಗಿ ಬಾಳುವವನಿಗೂ ಹೆಂಡತಿಯನ್ನು ಕರೆಯಬೇಕು, ನೆರೆಯವನಿಗೆ ಎಲ್ಲೆ ಹೇಳಬೇಕು. ಕಾಣದಿರುವ ಹಕ್ಕಿಗೆ ಕೂಗೇ ಗತಿ. ಮಳೆ ಬಿದ್ದೊಡನೆ ಹುಂಡುಕೋಳಿ ಮೊದಲು ಗೊರಗೊರನೆ ಕೆಮ್ಮಿದಂತೆ ಮಾಡಿ, ಬಳಿಕ ‘ಕ್ರುವಾಕ್, ಕ್ರುವಾಕ್’ ಎಂದು ಎಡೆಬಿಡದೆ ಕೂಗುತ್ತದೆ; ಕೆಲವೊಮ್ಮೆ ರಾತ್ರಿಯೂ ಬಿಡುವುದಿಲ್ಲ. ಪೇಂಟೆಡ್ ಸ್ನೈಪ್ ಎಂಬ ಬಣ್ಣದ ಕೆಸರುಹಕ್ಕಿಯಲ್ಲಿ ಹೆಣ್ಣೇ ಹೆಚ್ಚು ಚೆಲುವೆ, ಕೂಗುವವಳೂ ಅವಳೇ. ಸಂಜೆಗತ್ತಲಲ್ಲಿ ಖಾಲಿ ಸೀಸೆಯ ಬಾಯಿಗೆ ಊದಿದಂಥ ಮೆಲುದನಿ ಅವಳದು. ಮೊಟ್ಟೆಗೆ ಕಾವು ಕೊಟ್ಟು ಮರಿಗಳನ್ನು ನೋಡಿಕೊಳ್ಳುವ ಕೆಲಸ ಗಂಡಿನದು.

ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಅಲ್ಲ?

ಈಗ ಮುಖ್ಯ ಪ್ರಶ್ನೆ. ಈ ಹಕ್ಕಿಗಳ ಲೆಕ್ಕದಿಂದ ನೀರುನೆಲದ ಆರೋಗ್ಯ ಹೇಗೆ ತಿಳಿಯುತ್ತದೆ?

ನದಿ ಕೆರೆಗಳಿಗೆ ಒಂದು ಅಂಚು ಎಂಬುದಿದೆ. ಅದು ಪೂರ್ತಿ ನೀರೂ ಅಲ್ಲ, ಪೂರ್ತಿ ನೆಲವೂ ಅಲ್ಲ. ಗೇಣುದ್ದದ ನೀರು, ಅದರ ಕೆಳಗೆ ಮೆತ್ತನೆಯ ಕೆಸರು, ಮೇಲೆ ಜೊಂಡು. ಮಳೆಯ ನೀರಿನೊಡನೆ ಬರುವ ಮಣ್ಣನ್ನು ತಡೆಯುವುದು ಈ ಅಂಚು. ಮೀನಿನ ಮರಿ, ಕಪ್ಪೆಯ ಮರಿ, ಬಸವನಹುಳುಗಳಿಗೆ ತೊಟ್ಟಿಲು ಇದು. ಪ್ರವಾಹದ ನೀರು ಒಂದಿಷ್ಟು ಹರಡಿ ನಿಲ್ಲಲು ಎಡೆ ಇದು. ಅಡಗಿ ಬಾಳುವ ಹಕ್ಕಿಗಳಿಗೆ ಇದರ ಹೊರಗೆ ಬಾಳಿಲ್ಲ. ಜೊಂಡು ಹೋದರೆ ಮರೆ ಹೋಯಿತು. ನೀರು ಆಳವಾದರೆ ನಡೆಯಲು ನೆಲವಿಲ್ಲ. ಬತ್ತಿದರೆ ಹುಳುಹುಪ್ಪಟೆಯಿಲ್ಲ, ನಾಯಿ ನರಿಗಳಿಗೆ ದಾರಿಯಾಯಿತು. ಗೂಡು ನೀರಿನ ಮಟ್ಟಕ್ಕೆ ಬಲು ಹತ್ತಿರ ಇರುವುದರಿಂದ ನೀರು ಥಟ್ಟನೆ ಏರಿದರೆ ಮೊಟ್ಟೆ ತೇಲಿಹೋಯಿತು. ಹಾಗಾಗಿ ವರ್ಷ ವರ್ಷವೂ ಒಂದು ಜಾಗದಲ್ಲಿ ಈ ಹಕ್ಕಿಗಳು ಕೂಗುತ್ತಿವೆಯೆಂದರೆ, ಅಲ್ಲಿ ಮರೆ ಇದೆ, ಆಳವಿಲ್ಲದ ನೀರಿದೆ, ಮೇವಿದೆ ಎಂದು ಹೇಳಬಹುದು. ಮೂರೂ ಒಟ್ಟಿಗೆ ಇರುವ ಸ್ಥಳವನ್ನು ಬೇರೆ ಉಪಕರಣಗಳಿಂದ ಅಳೆಯಹೊರಟರೆ ಮೂರು ಇಲಾಖೆಗಳ ಕೆಲಸ.

ಆದರೆ ಒಂದು ಎಚ್ಚರಿಕೆ ಅಗತ್ಯ. ಸಾಕ್ಷಿಯನ್ನು ಅವನು ಕಂಡದ್ದನ್ನು ಮಾತ್ರ ಕೇಳಬೇಕು. ಹುಂಡುಕೋಳಿ ಚರಂಡಿಯ ಪಕ್ಕದ ಪೊದೆಯಲ್ಲಿಯೂ ಸಂಸಾರ ಹೂಡುತ್ತದೆ. ಆದುದರಿಂದ ಅದರ ಕೂಗು ಕೇಳಿತೆಂದು ನೀರು ಕುಡಿಯಲು ಯೋಗ್ಯವೆಂದು ಹೇಳಲಾಗದು. ನೀರಿನಲ್ಲಿ ಯಾವ ವಿಷವಿದೆ, ಆಮ್ಲಜನಕವೆಷ್ಟು ಎಂಬುದನ್ನು ಪ್ರಯೋಗಶಾಲೆಯೇ ಹೇಳಬೇಕು. ಹಾಗೆಯೇ ಹಕ್ಕಿಗಳ ದೊಡ್ಡ ಗುಂಪನ್ನು ಕಂಡು ಹಿಗ್ಗುವುದೂ ತಪ್ಪಾದೀತು. ಉದ್ದನೆಯ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು ಕೊಳಚೆಯ ನೀರಿನಲ್ಲಿ ಹುಳುಗಳು ಹೆಚ್ಚಾದಾಗ ಹಿಂಡುಹಿಂಡಾಗಿ ಸೇರುತ್ತವೆ. ಅಲ್ಲಿ ಸಂಖ್ಯೆ ಏರುವುದು ರೋಗದ ಲಕ್ಷಣ. ಒಂದೇ ಜಾತಿಯ ನೂರು ಹಕ್ಕಿಗಿಂತ, ಬೇರೆ ಬೇರೆ ಬಗೆಯ ಮರೆ ಬೇಡುವ ನಾಲ್ಕು ಜಾತಿಯ ನಾಲ್ಕು ಕೂಗು ಹೆಚ್ಚು ಬೆಲೆಯ ಸಾಕ್ಷ್ಯ.

ಲೋಕದ ಲೆಕ್ಕದಲ್ಲಿ ಬಿಟ್ಟುಹೋದವರು

ನೀರುಹಕ್ಕಿಗಳನ್ನು ಎಣಿಸುವ ಪದ್ಧತಿ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಸಲೀಂ ಅಲಿಯವರ ಸಲಹೆಯ ಮೇಲೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಜೌಗುನೆಲಗಳ ರಕ್ಷಣೆಗಾಗಿ ರಾಷ್ಟ್ರಗಳ ಒಪ್ಪಂದವಾಯಿತು; ಭಾರತ 1982ರಲ್ಲಿ ಅದಕ್ಕೆ ಸೇರಿತು. ಈ ಒಪ್ಪಂದದ ಪಟ್ಟಿಗೆ ಕರ್ನಾಟಕದಿಂದ ರಂಗನತಿಟ್ಟು 2022ರಲ್ಲಿಯೂ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆಗಳು 2024ರಲ್ಲಿಯೂ ಸೇರಿವೆ. ಏಷ್ಯದ ಜಲಪಕ್ಷಿ ಗಣತಿಯು 1987ರಿಂದ ಪ್ರತಿ ಜನವರಿಯಲ್ಲಿ ಸ್ವಯಂಸೇವಕರ ನೆರವಿನಿಂದ ನಡೆದುಬಂದಿದೆ.

ಇವೆಲ್ಲ ಬಹಳ ಉಪಕಾರದ ಕೆಲಸಗಳೇ. ಆದರೆ ಜನವರಿಯ ಗಣತಿ ಮುಖ್ಯವಾಗಿ ಕಣ್ಣಿನ ಗಣತಿ. ಆಗ ವಲಸೆಯ ಬಾತುಗಳು ಬಂದಿರುತ್ತವೆ. ಹುಂಡುಕೋಳಿಯೋ ಆ ಹೊತ್ತಿಗೆ ಬಹುಮಟ್ಟಿಗೆ ಮೌನವಾಗಿರುತ್ತದೆ. ರಾಮ್ಸರ್ ಪಟ್ಟಿಗೆ ಸೇರಲು ಇರುವ ಅಳತೆಗಳಲ್ಲೊಂದು ಇಪ್ಪತ್ತು ಸಾವಿರ ಜಲಪಕ್ಷಿಗಳು ಸೇರುವ ಸ್ಥಳವಾಗಿರಬೇಕೆಂಬುದು. ವಾಕಡದ ದಡದ ಮೊಣಕಾಲೆತ್ತರದ ಕೆಸರಿನ ಪಟ್ಟಿಗೆ ಇಂಥ ಯಾವ ಪಟ್ಟಿಯಲ್ಲಿಯೂ ಸ್ಥಳವಿಲ್ಲ. ಊರೂರ ನದಿಯಂಚುಗಳು ದೊಡ್ಡ ಲೆಕ್ಕದಿಂದ ಹೀಗೆಯೇ ಹೊರಗುಳಿಯುತ್ತವೆ.

ಕೇಳುವ ಕ್ರಮ

ಅಡಗುವ ಹಕ್ಕಿಗಳಿಗಾಗಿಯೇ ರೂಪಿಸಿದ ಕ್ರಮವನ್ನು ಅಮೆರಿಕದ ಕೋರ್ಟ್ನಿ ಕಾನ್ವೇ ಎಂಬ ವಿಜ್ಞಾನಿ 2011ರಲ್ಲಿ ವಿವರವಾಗಿ ಪ್ರಕಟಿಸಿದರು. ಅದರ ಸಾರಾಂಶ ಹೀಗಿದೆ. ಜೌಗಿನ ಅಂಚಿನಲ್ಲಿ ನಾಲ್ಕುನೂರು ಮೀಟರು ಅಂತರಕ್ಕೊಂದು ನೆಲೆಯನ್ನು ಗೊತ್ತುಮಾಡಿಕೊಳ್ಳಬೇಕು. ಒಂದೇ ಹಕ್ಕಿ ಎರಡು ನೆಲೆಗಳಲ್ಲಿ ಲೆಕ್ಕಕ್ಕೆ ಬಾರದಿರಲೆಂದು ಈ ಅಂತರ. ನಸುಕಿನಲ್ಲಿ ಅಥವಾ ಮುಸ್ಸಂಜೆಯಲ್ಲಿ ಅಲ್ಲಿ ನಿಂತು ಮೊದಲ ಐದು ನಿಮಿಷ ಸುಮ್ಮನೆ ಕೇಳಬೇಕು. ಬಳಿಕ ಒಂದೊಂದು ಜಾತಿಗೆ ಒಂದೊಂದು ನಿಮಿಷ: ಅರ್ಧ ನಿಮಿಷ ಆ ಜಾತಿಯ ಮುದ್ರಿತ ಕೂಗನ್ನು ನುಡಿಸಿ, ಅರ್ಧ ನಿಮಿಷ ಉತ್ತರಕ್ಕಾಗಿ ಕಾಯಬೇಕು. ಯಾವ ಹಕ್ಕಿ, ಯಾವ ನಿಮಿಷದಲ್ಲಿ, ಎಷ್ಟು ದೂರದಿಂದ ಕೂಗಿತೆಂದು ಬರೆಯಬೇಕು. ಸುತ್ತಲಿನ ಗದ್ದಲ ಎಷ್ಟಿತ್ತೆಂಬುದನ್ನೂ ಬರೆಯಬೇಕು. ಗಾಳಿ ಜೋರಾಗಿದ್ದರೆ ಆ ದಿನ ಎಣಿಕೆ ಬೇಡ. ಒಂದು ಋತುವಿನಲ್ಲಿ ಇದನ್ನು ಮೂರು ಸಲ ಮಾಡಬೇಕು.

ಮೂರು ಸಲವೇ ಏಕೆ? ಕಾರಖಾನೆಯ ಹಾಜರಿ ಪುಸ್ತಕ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ದಿನ ಹೆಸರಿನ ಮುಂದೆ ಗೈರುಹಾಜರಿ ಬಿದ್ದರೆ ಆ ಮನುಷ್ಯ ಕೆಲಸ ಬಿಟ್ಟನೆಂದು ಅರ್ಥವಲ್ಲ. ಹಾಗೆಯೇ ಒಂದು ಮುಂಜಾನೆ ಕೂಗು ಕೇಳದಿದ್ದರೆ ಹಕ್ಕಿ ಹೋಯಿತೆಂದು ಅರ್ಥವಲ್ಲ. ಉದಾಹರಣೆಗೆ, ಇರುವ ಹಕ್ಕಿ ಎರಡು ಭೇಟಿಗೊಮ್ಮೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಒಂದೇ ಸಲ ಹೋದರೆ ಅದು ತಪ್ಪಿಹೋಗುವ ಸಂಭವ ಎರಡರಲ್ಲಿ ಒಂದು. ಎರಡು ಸಲ ಹೋದರೆ ನಾಲ್ಕರಲ್ಲಿ ಒಂದು. ಮೂರು ಸಲ ಹೋದರೆ ಎಂಟರಲ್ಲಿ ಒಂದು. ಮೂರೂ ಸಲ ಮೌನವಾಗಿದ್ದರೆ ಆಗ ಸಂಶಯಪಡಲು ಕಾರಣವುಂಟು. ಮರುವರ್ಷವೂ ಹಾಗೆಯೇ ಆದರೆ ಸಂಶಯ ಗಟ್ಟಿಯಾಗುತ್ತದೆ.

ಇದು ಪಂಡಿತರ ಗುತ್ತಿಗೆಯೇನಲ್ಲ. ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತ 1995ರಿಂದ ಸಾಮಾನ್ಯ ನಾಗರಿಕರೇ ಸ್ವಯಂಸೇವಕರಾಗಿ ನಿಂತು ಜೌಗಿನ ಹಕ್ಕಿ ಮತ್ತು ಕಪ್ಪೆಗಳ ಕೂಗನ್ನು ಎಣಿಸುತ್ತ ಬಂದಿದ್ದಾರೆ.

ಲೆಕ್ಕದಿಂದ ಉಳಿದ ಹಕ್ಕಿ

ಇಷ್ಟೆಲ್ಲ ಬರೆದಿಟ್ಟು ಆಗುವುದೇನು ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಒಂದು ನಿದರ್ಶನ ಸಾಕು. ಅಲ್ಲಿಯ ದೊಡ್ಡ ಬಿಟರ್ನ್ ಹಕ್ಕಿಯ ಗಂಡು ಕೊಡದೊಳಗಿನ ಗುಡುಗಿನಂತೆ ಕೂಗುತ್ತದೆ. ಆ ದನಿ ಕಿಲೋಮೀಟರುಗಟ್ಟಲೆ ಕೇಳಿಸುತ್ತದೆ. 1997ರಲ್ಲಿ ಬ್ರಿಟನ್ನಿನಲ್ಲೆಲ್ಲ ಎಣಿಸಿದಾಗ ಕೂಗುವ ಗಂಡುಗಳು ಹನ್ನೊಂದೇ ಉಳಿದಿದ್ದವು. ಒಂದೊಂದು ಗಂಡಿನ ದನಿಯನ್ನೂ ಮುದ್ರಿಸಿ, ಬೇರೆ ಬೇರೆಯಾಗಿ ಗುರುತಿಸಿ, ಅವು ಯಾವ ಬಗೆಯ ಜೊಂಡನ್ನು ಆರಿಸುತ್ತವೆ ಎಂಬುದನ್ನು ಅಭ್ಯಾಸ ಮಾಡಿದಾಗ ಕಾರಣ ತಿಳಿಯಿತು. ಜೊಂಡಿನ ಬಯಲುಗಳು ಹಳತಾಗಿ, ಒಣಗಿ, ಪೊದೆಗಾಡಾಗುತ್ತಿದ್ದವು. ಬಿಟರ್ನಿಗೆ ಬೇಕಾದದ್ದು ನೀರು ನಿಂತ, ಮೀನಿರುವ ಜೊಂಡು. ನೀರನ್ನು ಮತ್ತೆ ನಿಲ್ಲಿಸಿದರು, ಹೊಸ ಜೊಂಡಿನ ಬಯಲುಗಳನ್ನು ಬೆಳೆಸಿದರು. 2019ರ ಹೊತ್ತಿಗೆ ಕೂಗುವ ಗಂಡುಗಳ ಸಂಖ್ಯೆ ಇನ್ನೂರರ ಸಮೀಪಕ್ಕೆ ಬಂದಿತು. ಹನ್ನೊಂದು ಎಂಬ ಅಂಕಿ ಯಾರ ಪುಸ್ತಕದಲ್ಲಿಯೂ ಇಲ್ಲದಿದ್ದರೆ ಈ ಕೆಲಸಕ್ಕೆ ಹಣವೂ ದೊರೆಯುತ್ತಿರಲಿಲ್ಲ, ಮನಸ್ಸೂ ಬರುತ್ತಿರಲಿಲ್ಲ.

ನಮ್ಮ ದಡದ ಪ್ರಶ್ನೆ

ಪುಣೆಯ ನದೀತೀರಗಳ ಅಭಿವೃದ್ಧಿಯ ಯೋಜನೆಗೆ 2022ರ ಮಾರ್ಚಿಯಲ್ಲಿ ಶಂಕುಸ್ಥಾಪನೆಯಾಯಿತು. ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಯೂ ವಾಕಡದಿಂದ ಸಾಂಗವಿಯವರೆಗಿನ ಮುಳೆಯ ದಡಕ್ಕೆ ಇಂಥದೇ ಯೋಜನೆಯನ್ನು ಕೈಗೆತ್ತಿಕೊಂಡಿದೆ. ನಡೆಯಲು ದಾರಿ, ಕುಳಿತುಕೊಳ್ಳಲು ಸ್ಥಳ, ಕೊಳಚೆ ನೀರಿಗೆ ತಡೆ ಇವೆಲ್ಲ ಬೇಡವೆನ್ನುವವರು ಯಾರು? ಒಂದು ಕೋಣೆಯಲ್ಲಿ ನಾಲ್ವರು ಇರುವ ನಮಗೆ ಭಾನುವಾರ ಸಂಜೆ ಹೋಗಿ ಕೂಡಲು ನದಿಯ ದಡವೊಂದು ಇದ್ದರೆ ದೊಡ್ಡ ಭಾಗ್ಯವೇ. ಆದರೆ ನೇರವಾಗಿ ಕಟ್ಟಿದ ದಂಡೆಗೆ ಅಂಚು ಎಂಬುದಿಲ್ಲ. ಒಂದು ಹೆಜ್ಜೆ ನೆಲ, ಮುಂದಿನ ಹೆಜ್ಜೆ ಆಳದ ನೀರು. ಇಳಿಜಾರಾದ ಮಣ್ಣಿನ ದಡವನ್ನು ಅಲ್ಲಲ್ಲಿ ಉಳಿಸಿ ಕಟ್ಟಿದರೆ ಮನುಷ್ಯನಿಗೂ ಹಕ್ಕಿಗೂ ಎಡೆಯಾದೀತು.

ಇನ್ನೊಂದು ಗೊಂದಲವನ್ನು ಇಲ್ಲಿ ಬಿಡಿಸಬೇಕು. ಇಲ್ಲಿಯ ಪತ್ರಿಕೆಗಳಲ್ಲಿ ಜಲಪರ್ಣಿ ಎಂದು ಓದುತ್ತೇವಲ್ಲ, ತಿಳಿನೇರಳೆಯ ಹೂವು ಬಿಟ್ಟು ನದಿಯ ಮೈಯನ್ನೇ ಮುಚ್ಚುವ ಆ ತೇಲುಕಳೆ ದಕ್ಷಿಣ ಅಮೆರಿಕದಿಂದ ಬಂದದ್ದು. ಕೊಳಚೆಯ ಗೊಬ್ಬರದಿಂದ ಕೊಬ್ಬುವ ಅದನ್ನು ತೆಗೆಯುವುದು ಸರಿಯೇ. ಆದರೆ ಯಂತ್ರ ಬಂದಾಗ ತೇಲುಕಳೆಯೊಡನೆ ದಡದಲ್ಲಿ ಬೇರೂರಿದ ಜೊಂಡನ್ನೂ ಕಸವೆಂದೇ ಬಗೆದು ಎತ್ತಿಹಾಕಿದರೆ, ರೋಗದ ಜೊತೆಗೆ ರೋಗಿಯ ಚರ್ಮವನ್ನೂ ಸುಲಿದಂತಾಗುತ್ತದೆ. ಚೊಕ್ಕಟ ಬೇರೆ, ಆರೋಗ್ಯ ಬೇರೆ. ಕಣ್ಣು ಮೊದಲನೆಯದನ್ನು ಮಾತ್ರ ನೋಡಬಲ್ಲದು.

ಇಲ್ಲಿಯೇ ಲೆಕ್ಕದ ಅಗತ್ಯ. ಕಾಮಗಾರಿಗೆ ಮೊದಲು ಆ ಜಾಗದಲ್ಲಿ ಎಷ್ಟು ಹಕ್ಕಿ ಕೂಗುತ್ತಿತ್ತೆಂದು ಬರೆದಿಡದಿದ್ದರೆ, ಆಮೇಲೆ ‘ಮೊದಲು ಇತ್ತು’ ಎನ್ನುವವನ ಮಾತು ಬರಿಯ ನೆನಪಾಗುತ್ತದೆ. ‘ಮೊದಲೂ ಇರಲಿಲ್ಲ’ ಎನ್ನುವವನ ಮಾತೂ ಅಷ್ಟೇ ತೂಗುತ್ತದೆ. ಬರೆಯದ ಸಾಲ ವಸೂಲಾಗುವುದಿಲ್ಲವೆಂಬುದು ನಮಗೆಲ್ಲ ಗೊತ್ತಿರುವ ವ್ಯವಹಾರ.

ಮಾಡಬೇಕೆನ್ನುವವರಿಗೆ

ಮುದ್ರಿತ ಕೂಗನ್ನು ನುಡಿಸುವ ಕೆಲಸವನ್ನು ಅಭ್ಯಾಸವುಳ್ಳವರಿಗೇ ಬಿಡುವುದು ಲೇಸು. ಮರಿ ಮಾಡುವ ಕಾಲದಲ್ಲಿ ಅದು ಹಕ್ಕಿಯನ್ನು ಬೆದರಿಸುತ್ತದೆ. ನಾವು ಕೇಳಿದರೆ ಸಾಕು. ಜೂನ್ ಕೊನೆ, ಜುಲೈ, ಆಗಸ್ಟ್ ಹೀಗೆ ಮೂರು ಭಾನುವಾರ, ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಹೋಗಬೇಕು. ಮುಂಬಯಿ-ಬೆಂಗಳೂರು ಹೆದ್ದಾರಿಯ ಸದ್ದು ಆಗ ಒಂದಿಷ್ಟು ಕಡಿಮೆ. ರಾತ್ರಿಪಾಳಿ ಮುಗಿಸಿ ಬರುವ ಕಾವಲುಗಾರರಿಗೂ ಕಂಪನಿಯ ನೌಕರರಿಗೂ ಆ ಹೊತ್ತು ಹೊಸದಲ್ಲ. ಈ ಕೆಲಸಕ್ಕೆ ಅವರೇ ಹೆಚ್ಚು ಅರ್ಹರು. ಪ್ರತಿ ಸಲವೂ ಅದೇ ಸ್ಥಳ, ಅದೇ ಹತ್ತು ನಿಮಿಷ. ಇಬ್ಬರು ಜೊತೆಯಾಗಿ ಹೋಗಿ; ರಸ್ತೆಯಿಂದಲೋ ದಂಡೆಯಿಂದಲೋ ಕೇಳಿ; ನೀರಿಗೆ ಮಾತ್ರ ಇಳಿಯಬೇಡಿ. ಮಳೆಗಾಲದಲ್ಲಿ ಮುಳಶಿಯ ಅಣೆಕಟ್ಟಿನಿಂದ ನೀರು ಬಿಟ್ಟಾಗ ನದಿ ಬೇಗನೆ ಏರುತ್ತದೆ.

ಕೂಗನ್ನು ಗುರುತಿಸಲು ಈಗ ಮೊಬೈಲಿನಲ್ಲಿ ಉಚಿತ ಸಾಧನಗಳಿವೆ. ಆದರೆ ಅವನ್ನೇ ಪೂರ್ತಿ ನಂಬದೆ, ಧ್ವನಿಯನ್ನು ಮುದ್ರಿಸಿಟ್ಟುಕೊಂಡು ಬಲ್ಲವರಿಗೆ ಕೇಳಿಸುವುದು ಒಳ್ಳೆಯದು. ನೋಟುಬುಕ್ಕಿನಲ್ಲಿ ತಾರೀಖು, ವೇಳೆ, ಸ್ಥಳ, ಗಾಳಿ-ಮಳೆ-ಗದ್ದಲ, ಕೇಳಿದ ಹಕ್ಕಿ ಮತ್ತು ಎಷ್ಟು ಎಂಬ ಅಂಕಣಗಳಿದ್ದರೆ ಸಾಕು. ಹೆಸರು ತಿಳಿಯದಿದ್ದರೆ ‘ತಿಳಿಯದು’ ಎಂದೇ ಬರೆಯಿರಿ. ಊಹಿಸಿ ಬರೆದ ಹೆಸರು ಪುಸ್ತಕವನ್ನೇ ಕೆಡಿಸುತ್ತದೆ. ಹತ್ತು ನಿಮಿಷ ನಿಂತು ಏನೂ ಕೇಳದಿದ್ದರೆ ಬೇಸರಪಟ್ಟು ಪುಟವನ್ನು ಖಾಲಿ ಬಿಡಬೇಡಿ. ಸೊನ್ನೆ ಹಾಕಿ, ತಾರೀಖು ಬರೆಯಿರಿ. ಖಾಲಿ ಪುಟವೆಂದರೆ ಯಾರೂ ಹೋಗಲಿಲ್ಲವೆಂದರ್ಥ. ಸೊನ್ನೆಯೆಂದರೆ ಒಬ್ಬರು ಹೋಗಿ, ನಿಂತು, ಕೇಳಿ ಬಂದರೆಂದರ್ಥ.